ತೆಂಗಿನಕಾಯಿ ಅಟ್ಟದಲ್ಲಿ ಕರೆಂಟ್ ಗಿಟಾರ್

2023ರ ಬೇಸಿಗೆ. ಆಗಲೂ ಈಗಿನ ಹಾಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಮೈಕ್‌ಸೆಟ್ ಅಂಗಡಿ ನಡೆಸುತ್ತಿದ್ದೆ. ಮೊಮ್ಮಕ್ಕಳೇ, ಅಂಗಡಿ ನಿಮ್ಮ ತಾತ ಹಾಕಿದ್ದು. ಅವರು ಹೋದ ಮೇಲೆ ಬಾಗಿಲು ಹಾಕುತ್ತೇನೆಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಆದರೆ ಅವರು ಮೊದಲೇ ಒಪ್ಪಿಕೊಂಡಿದ್ದ ಒಂದು ಮದುವೆಗೆ ಸಾಮಾನು ಕಳಿಸಲೇಬೇಕಾಯಿತು. ಅದಾದ ಮೇಲೆ ಇನ್ನೊಂದು ನಾಮಕರಣ, ಮತ್ತೊಂದು ಗೃಹಪ್ರವೇಶ. ಮುಚ್ಚುವುದಕ್ಕೆ ಬಿಡುವೇ ಸಿಗಲಿಲ್ಲ.

ಮೈಕಿನ ಅಂಗಡಿ ಇಟ್ಟುಕೊಂಡು ನಾನು ಒಂದು ದಿನವೂ ಮೈಕಿನಲ್ಲಿ ಮಾತಾಡಿದವಳಲ್ಲ. ಎಲ್ಲರೂ 'ಹಲೋ, ಟೆಸ್ಟಿಂಗ್' ಎನ್ನುತ್ತಾರಲ್ಲ, ಅಷ್ಟು ಹೇಳುವುದಕ್ಕೂ ನನಗೆ ನಾಚಿಕೆ. ಬೆರಳಿನ ಉಗುರಿನಿಂದ ಮೈಕಿನ ಜಾಲರಿಯನ್ನು ಮೆಲ್ಲಗೆ ಕೆರೆದು, ಸ್ಪೀಕರ್ ಬಾಕ್ಸಿನಲ್ಲಿ ಸದ್ದು ಬಂದರೆ ಸರಿ ಎಂದು ಪಕ್ಕಕ್ಕೆ ಸರಿಯುತ್ತಿದ್ದೆ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಬೆಸುಗೆ ಹಾಕುವುದು, ವೈರಿನಲ್ಲಿ ಎಲ್ಲಿ ತುಂಡಾಗಿದೆ ಎಂದು ಹುಡುಕುವುದು, ಅರ್ತಿಂಗ್ ನೋಡುವುದು, ಇವನ್ನೆಲ್ಲ ನಿಮ್ಮ ತಾತನ ಪಕ್ಕದಲ್ಲಿ ಕೂತು ಕಲಿತೆ. ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ರೆಕಾರ್ಡ್ ಮಾಡಲು ಏನೇನು ಕೊಳ್ಳಬೇಕು ಎಂದು ಮೊನ್ನೆ ನೀವು ಫೋನಿನಲ್ಲಿ ಕೇಳಿದಿರಿ. ಆಗ ನನಗೆ ಹೇಳುವುದಕ್ಕೆ ಬರಲಿಲ್ಲ, ನಗು ಬಂತು. ಯಾಕೆ ನಗು ಬಂತು ಎನ್ನುವುದನ್ನು ಬರೆದರೆ ಉತ್ತರವೂ ಅದರಲ್ಲೇ ಸಿಗುತ್ತದೆ.

ಒಂದು ಗುರುವಾರ ಬೆಳಿಗ್ಗೆ ಅಂಗಡಿ ಮುಂದೆ ಸ್ಕೂಟರ್ ನಿಂತಿತು. ಓಡಿಸುತ್ತಿದ್ದವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ ಚೈತ್ರ. ಹಿಂದೆ ಗಿಟಾರಿನ ಚೀಲವನ್ನು ಕೂಸಿನ ಹಾಗೆ ತಬ್ಬಿಕೊಂಡು ಕೂತಿದ್ದವರು ಅವಳ ಅತ್ತೆ ರುದ್ರಮ್ಮ. ತುರುವೇಕೆರೆ ರಸ್ತೆಯಲ್ಲಿ ಅವರದು ತೋಟದ ಮನೆ. ಅವರ ಮಗನ ಮದುವೆಗೆ ಮೈಕ್‌ಸೆಟ್ ನಮ್ಮದೇ.

"ಏನ್ ಗಿರಿಜಮ್ಮ, ಚೆನ್ನಾಗಿದ್ದೀಯಾ? ನೋಡವ್ವ, ನಮ್ ಸೊಸೆ ಕರೆಂಟ್ ಗಿಟಾರ್ ಬಾರಿಸ್ತಾಳಂತೆ. ಸದ್ದಾಗ್ದಂಗೆ ಬಾರಿಸೋಕೆ ನಿನ್ ತಾವ ಏನಾರ ಐತಾ?" ಎಂದರು ರುದ್ರಮ್ಮ.

ಮೈಕ್‌ಸೆಟ್ ಅಂಗಡಿಗೆ ಬಂದು ಸದ್ದು ಬೇಡ ಎಂದು ಕೇಳಿದವರನ್ನು ನಾನು ಅದೇ ಮೊದಲು ನೋಡಿದ್ದು.

ಚೈತ್ರ ಬಿಡಿಸಿ ಹೇಳಿದಳು. ತುಮಕೂರಿನಲ್ಲಿ ಓದುವಾಗ ಅವಳೂ ಅವಳ ಗೆಳತಿಯರೂ ಸೇರಿ ಒಂದು ಬ್ಯಾಂಡ್ ಕಟ್ಟಿದ್ದರಂತೆ. ಈಗ ಅವರ ಹಾಡೊಂದನ್ನು ಮಕ್ಕಳ ನಾಟಕವೊಂದಕ್ಕೆ ತೆಗೆದುಕೊಂಡಿದ್ದಾರೆ. ರಾಗ ಹಾಕಿದವಳು ಇವಳೇ. ಉಳಿದವರ ಹಾಡು, ತಬಲ, ಕೀಬೋರ್ಡ್ ಎಲ್ಲ ಬೆಂಗಳೂರಿನಲ್ಲಿ ರೆಕಾರ್ಡ್ ಆಗಿದೆ. ಗಿಟಾರ್ ಮಾತ್ರ ಬಾಕಿ. ಇವಳು ಬೆಂಗಳೂರಿಗೆ ಹೋಗುವ ಹಾಗಿಲ್ಲ. ಮಾವ ಶಿವಲಿಂಗಪ್ಪನವರಿಗೆ ಹೃದಯದ ಆಪರೇಷನ್ ಆಗಿ ಮನೆಗೆ ಬಂದು ಸ್ವಲ್ಪ ದಿನವಾಗಿತ್ತಷ್ಟೆ, ಅವರ ಔಷಧದ ಹೊತ್ತು ಗೊತ್ತು ನೋಡಿಕೊಳ್ಳುತ್ತಿದ್ದವಳು ಇವಳೇ. ಭಾನುವಾರ ಸಂಜೆಯೊಳಗೆ ಗಿಟಾರ್ ಕಳಿಸದಿದ್ದರೆ ಬೇರೆ ಯಾರಿಂದಲೋ ನುಡಿಸಿಕೊಳ್ಳುತ್ತೇವೆ ಎಂದು ಗೆಳತಿಯರು ಹೇಳಿದ್ದರು.

"ನನ್ನ ರಾಗನ ಬೇರೆಯವರು ನುಡಿಸಿದ್ರೆ ಅದು ನಂದು ಅಂತ ಹೇಗೆ ಹೇಳ್ಕೊಳ್ಳಲಿ ಆಂಟಿ? ಆನ್‌ಲೈನಲ್ಲಿ ಸಾಮಾನು ತರಿಸೋಣ ಅಂದ್ರೆ ಸೋಮವಾರ ಬರುತ್ತಂತೆ. ಯಾವ್ದು ತಗೋಬೇಕು ಅಂತಾನೂ ಗೊತ್ತಾಗ್ತಿಲ್ಲ, ಒಬ್ಬೊಬ್ಬ ಒಂದೊಂದು ಹೇಳ್ತಾನೆ. ನಿಮ್ಮ ಅಂಗಡೀಲಿ ಇರೋದ್ರಲ್ಲೇ ಏನಾದ್ರೂ ಆರಿಸಿಕೊಡಿ," ಎಂದಳು. ಕಣ್ಣಲ್ಲಿ ನೀರು ಇರಲಿಲ್ಲ, ಆದರೆ ಗಿಟಾರಿನ ಚೀಲದ ಜಿಪ್ಪನ್ನು ತೆರೆಯುತ್ತ ಮುಚ್ಚುತ್ತ ನಿಂತಿದ್ದಳು.

"ಮಾಡ್ಲಿ, ನಾನೇನ್ ಬ್ಯಾಡ ಅನ್ನಲ್ಲ. ಆದ್ರೆ ನಮ್ ಯಜಮಾನ್ರು ಬೆಚ್ಚಿಬಿದ್ರೆ ಅಲ್ಲಿಗೆ ಮುಗೀತು. ಡಾಕ್ಟ್ರು ಸದ್ದು ಗದ್ದಲ ಬ್ಯಾಡ ಅಂದವ್ರೆ," ಎಂದರು ಅತ್ತೆ.

ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನನ್ನ ಕಸುಬಿಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆಯಿಲ್ಲ, ಅದು ಗಟ್ಟಿ ಮರ. ತಂತಿಗಳ ಕೆಳಗೆ ಪಿಕಪ್ ಎಂಬ ಅಯಸ್ಕಾಂತದ ಸುರುಳಿ ಇರುತ್ತದೆ. ತಂತಿ ಅಲುಗಿದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಆರ್ಕೆಸ್ಟ್ರಾದವರು ಬಂದಾಗ ಆ ಸ್ಪೀಕರಿನ ಮುಂದೆ ಒಂದು ಮೈಕ್ ನಿಲ್ಲಿಸುವುದು ನಮ್ಮ ವಾಡಿಕೆ. ಮನೆಯಲ್ಲಿ ರೆಕಾರ್ಡ್ ಮಾಡುವುದಕ್ಕೂ ಅದೇ ಸಾಕು ಎಂದು ತಿಳಿದು ಒಂದು ಗಿಟಾರ್ ಆಂಪ್ಲಿಫೈಯರ್, ವೇದಿಕೆಯ ಒಂದು ಮೈಕ್, ಸ್ಟ್ಯಾಂಡು, ವೈರುಗಳನ್ನು ಆಟೋದಲ್ಲಿ ಹಾಕಿಕೊಂಡು ಶುಕ್ರವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಮನೆಯ ಒಳಗೆ ಚಪ್ಪಾಳೆ ತಟ್ಟಿ ನೋಡಿದೆ. ಟೈಲ್ಸ್ ನೆಲ, ಬರಿಗೋಡೆ. ತಟ್ಟಿದ್ದು ಮೂಲೆ ಮೂಲೆಗೆ ಬಡಿದು ವಾಪಸ್ ಬರುತ್ತಿತ್ತು. ಹೀಗೆ ವಾಪಸ್ ಬರುವ ಸದ್ದು ಮೈಕಿಗೆ ಸೇರಿದರೆ ಗಿಟಾರು ಬಾವಿಯೊಳಗೆ ನುಡಿದ ಹಾಗಿರುತ್ತದೆ. ಆಗ ನನ್ನ ಕಣ್ಣಿಗೆ ಬಿದ್ದದ್ದು ಹಿತ್ತಿಲ ಕಡೆಯ ಅಟ್ಟ. ಮರದ ಪಟ್ಟಿಗಳ ನೆಲದ ಮೇಲೆ ಸಿಪ್ಪೆ ಸಮೇತ ತೆಂಗಿನಕಾಯಿಯ ರಾಶಿ ಸೂರಿನವರೆಗೆ ಇತ್ತು. ನೀವು ಪೇಟೆಯಲ್ಲಿ ಬೆಳೆದ ಮಕ್ಕಳು, ನಿಮಗೆ ಹೇಳಬೇಕು: ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಹೀಗೆ. ಕಾಯನ್ನು ಸುಲಿಯದೆ ವರ್ಷ ಹತ್ತಿರವಾಗುವ ತನಕ ಅಟ್ಟದಲ್ಲಿ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟ ಬಿಟ್ಟು ಉಂಡೆಯಾಗುತ್ತದೆ.

ನಾರಿನ ಸಿಪ್ಪೆ ಸದ್ದನ್ನು ಕುಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಯಜಮಾನರು ಮಲಗುವ ಕೋಣೆ ಮನೆಯ ಇನ್ನೊಂದು ತುದಿಯಲ್ಲಿತ್ತು. ಇದಕ್ಕಿಂತ ಒಳ್ಳೆಯ ಸ್ಟುಡಿಯೋ ಬೆಂಗಳೂರಿನಲ್ಲೂ ಇರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಏಣಿ ಹತ್ತಿ ಆಂಪ್ಲಿಫೈಯರನ್ನು ರಾಶಿಗಳ ನಡುವೆ ಇಟ್ಟು, ಮೈಕನ್ನು ಅದರ ಎದುರು ನಿಲ್ಲಿಸಿ, ಚೈತ್ರಳ ಲ್ಯಾಪ್‌ಟಾಪಿನ ಮೈಕ್ ತೂತಿಗೆ ಸೇರಿಸಿದೆ.

ಅವಳು ನುಡಿಸಿದಳು. ಸೂರಿನ ಸಂದಿಯಿಂದ ಬಿಸಿಲಿನ ಕೋಲುಗಳು ಇಳಿದಿದ್ದವು, ಧೂಳು ಕುಣಿಯುತ್ತಿತ್ತು, ಆ ರಾಗವೂ ಹಾಗೇ ಇತ್ತು. ನಾನು ಹಲವು ಆರ್ಕೆಸ್ಟ್ರಾ ಕೇಳಿದವಳು. ಆದರೂ ಕಾಲು ತನಗೆ ತಾನೇ ತಾಳ ಹಾಕಿತು.

ಕೇಳಿ ನೋಡೋಣ ಎಂದು ಲ್ಯಾಪ್‌ಟಾಪನ್ನು ಕೆಳಗಿಳಿಸಿ ನಡುಮನೆಗೆ ತಂದು ಹಾಕಿದೆವು. ರಾಗ ಬಂತು. ಆದರೆ ದಪ್ಪ ತಂತಿ ಮೀಟಿದಾಗಲೆಲ್ಲ ಹಿಂದಿನಿಂದ ಗಡಗಡ, ಗಡಗಡ ಎಂದು ಏನೋ ಸದ್ದು. ಮೈಕಿನ ಪಿನ್ ಸಡಿಲವೇನೋ ಎಂದು ನೋಡಿದೆ. ವೈರಿನ ಬೆಸುಗೆ ನೋಡಿದೆ. ಸ್ಪೀಕರಿನ ಕಾಗದ ಹರಿದಿದೆಯೇನೋ ಎಂದು ಮತ್ತೆ ಏಣಿ ಹತ್ತಿ ಟಾರ್ಚ್ ಬಿಟ್ಟು ನೋಡಿದೆ. ಎಲ್ಲ ಸರಿ ಇತ್ತು. ಚೈತ್ರ ತನ್ನ ಗಿಟಾರಿನದೇ ತಪ್ಪೆಂದು ತಿರುಪು ಬಿಗಿ ಮಾಡುತ್ತ ಕೂತಳು. ಇನ್ನೊಂದು ಸಲ ಹಾಕಿದೆವು. ಗಡಗಡ.

ಆಗ ಒಳಕೋಣೆಯಿಂದ ಶಿವಲಿಂಗಪ್ಪನವರ ದನಿ ಬಂತು. "ರುದ್ರೀ! ಅಟ್ಟದ ಮ್ಯಾಲೆ ಯಾರೇ ಅದು ಕಾಯಿ ಅಲ್ಲಾಡಿಸ್ತಿರೋದು? ಆಗೈತೆ ಕಣೇ ಕೊಬ್ಬರಿ! ಆ ಸದ್ದು ಕೇಳು, ಪಕ್ಕಾ ಆಗೈತೆ!"

ನಡುಮನೆಯಲ್ಲಿ ಮೂವರೂ ಮುಖ ಮುಖ ನೋಡಿಕೊಂಡೆವು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಉಂಡೆ ಗಡಗಡ ಎಂದರೆ ಕೊಬ್ಬರಿ ಆಗಿದೆ ಎನ್ನುವುದು ಈ ಸೀಮೆಯಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಗಿಟಾರಿನ ದಪ್ಪ ದನಿಗೆ ಅಟ್ಟದ ಪಟ್ಟಿಗಳು ನಡುಗಿ, ಪಟ್ಟಿಯ ಮೇಲಿನ ಕಾಯಿಗಳು ನಡುಗಿ, ಒಳಗಿನ ಉಂಡೆಗಳು ಒಟ್ಟಿಗೆ ತಾಳ ಹಾಕಿದ್ದವು. ಸಿಪ್ಪೆ ಸದ್ದು ಕುಡಿಯುತ್ತದೆ ಎಂದು ಯೋಚಿಸಿದ ನಾನು ಸಿಪ್ಪೆಯ ಒಳಗೆ ಏನಿದೆ ಎಂದು ಯೋಚಿಸಿರಲಿಲ್ಲ. ಚೈತ್ರಳಿಗೆ ನಗು ತಡೆಯಲಾಗಲಿಲ್ಲ. ರುದ್ರಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಯಜಮಾನರಂತೂ ದಿಂಬಿಗೆ ಒರಗಿ ಎದ್ದು ಕೂತು, "ಇನ್ನೊಂದ್ಸಲ ಹಾಕವ್ವ, ಎಲ್ಲಾ ಆಗೈತೋ ಅರ್ಧ ಆಗೈತೋ ನೋಡಾನ," ಎಂದರು.

ನಗು ಮುಗಿದ ಮೇಲೆ ರುದ್ರಮ್ಮನ ಮುಖ ಬಿಗಿಯಿತು. "ಇನ್ನು ಬ್ಯಾಡ ಕಣೇ ಚೈತ್ರ. ಹಿಂಗೇ ಬಾರಿಸ್ತಾ ಇದ್ರೆ ಇವ್ರು ಏಣಿ ಹತ್ತೋಕೆ ಹೊಂಟ್ಬಿಡ್ತಾರೆ. ಸದ್ದು ಅಂದ್ರೆ ಸದ್ದೇ ಆಗ್ಬಾರ್ದು, ಅಂಗಿದ್ರೆ ಮಾಡು, ಇಲ್ದಿದ್ರೆ ಬುಡು."

ಚೈತ್ರ ಗಿಟಾರನ್ನು ಚೀಲಕ್ಕೆ ಹಾಕಿದಳು. ನಾನು ಸಾಮಾನು ಆಟೋಗೆ ಹಾಕಿಸಿದೆ. ಗೇಟಿನ ತನಕ ಬಂದವಳು ಮೆಲ್ಲಗೆ, "ಆಂಟಿ, ಸ್ಪೀಕರೇ ಇಲ್ದೆ ನೇರವಾಗಿ ಕಂಪ್ಯೂಟರ್‌ಗೇ ಕೊಡಬಹುದಂತೆ. ಮಧ್ಯದಲ್ಲಿ ಒಂದು ಡಬ್ಬಿ ಬೇಕು ಅಷ್ಟೆ. ಆಂಪ್ಲಿಫೈಯರ್ ಕೆಲಸನ ಕಂಪ್ಯೂಟರ್ ಒಳಗಿರೋ ಸಾಫ್ಟ್‌ವೇರೇ ಮಾಡುತ್ತೆ," ಎಂದಳು.

"ಸ್ಪೀಕರ್ ಇಲ್ದೆ ಸದ್ದು ಎಲ್ಲಿಂದ ಬತ್ತದವ್ವ?" ಎಂದೆ. ನಿಜವಾಗಿ ನನಗೆ ನಂಬಿಕೆ ಬರಲಿಲ್ಲ. ಆದರೂ ಆ ಡಬ್ಬಿ ಹೇಗಿರುತ್ತದೆ, ತೋರಿಸು ಎಂದು ಅವಳ ಫೋನಿನಲ್ಲಿ ಚಿತ್ರ ನೋಡಿದೆ. ಅದಕ್ಕೆ ಆಡಿಯೋ ಇಂಟರ್‌ಫೇಸ್ ಎನ್ನುತ್ತಾರೆ. ಒಂದು ಕಡೆ ಗಿಟಾರಿನ ದಪ್ಪ ಪಿನ್ ಹೋಗುವ ತೂತು, ಇನ್ನೊಂದು ಕಡೆ ಪ್ರಿಂಟರ್ ವೈರಿನಂಥ ಯುಎಸ್‌ಬಿ ತೂತು. ಅಂಥ ತೂತನ್ನು ನಾನು ಎಲ್ಲೋ ನೋಡಿದ್ದೆ.

ಅಂಗಡಿಗೆ ಬಂದು ಬೀರು ತೆಗೆದೆ. ಆರ್ಕೆಸ್ಟ್ರಾದವರು ಕೇಳಿದರೆಂದು ಕೊಂಡಿದ್ದ ಪುಟ್ಟ ಮಿಕ್ಸರ್ ಒಂದು ಅಲ್ಲಿತ್ತು. ಮಿಕ್ಸರ್ ಎಂದರೆ ಹಲವು ಮೈಕುಗಳ ಸದ್ದನ್ನು ಹದವಾಗಿ ಕೂಡಿಸುವ ಪೆಟ್ಟಿಗೆ. ಅದರ ಬೆನ್ನಿನಲ್ಲಿ ಅದೇ ಯುಎಸ್‌ಬಿ ತೂತು! ಮುಂದುಗಡೆ ಮೊದಲ ಸಾಲಿನಲ್ಲಿ ಗಿಟಾರಿನ ಚಿತ್ರವಿರುವ ಗುಂಡಿಯೂ ಇತ್ತು. ಇಷ್ಟು ದಿನ ಎರಡನ್ನೂ ಮುಟ್ಟುವ ಸಂದರ್ಭ ಬಂದಿರಲಿಲ್ಲ. ಆ ಗುಂಡಿ ಬಹಳ ಮುಖ್ಯ. ಗಿಟಾರಿನಿಂದ ಬರುವ ವಿದ್ಯುತ್ತು ತೀರ ಬಡಕಲು, ಮೈಕಿನ ತೂತಿಗೆ ಕೊಟ್ಟರೆ ಸೊರಗಿಹೋಗುತ್ತದೆ. ಗುಂಡಿ ಒತ್ತಿದರೆ ಆ ತೂತು ಗಿಟಾರಿಗೆ ಹೊಂದಿಕೊಳ್ಳುತ್ತದೆ. ನೀವು ಕೊಳ್ಳುವಾಗ ಮೊದಲು ಇದು ಇದೆಯೇ ನೋಡಿ.

ಶನಿವಾರ ಮಿಕ್ಸರ್ ಹಿಡಿದು ಹೋಗಿ, ನಡುಮನೆಯಲ್ಲಿ ಗಿಟಾರನ್ನು ಅದಕ್ಕೆ, ಅದನ್ನು ಲ್ಯಾಪ್‌ಟಾಪಿಗೆ ಸೇರಿಸಿದೆ. ಚೈತ್ರಳ ಬಳಿ ವೈರಿಲ್ಲದ ಬ್ಲೂಟೂತ್ ಹೆಡ್‌ಫೋನ್ ಇತ್ತು. ಅದರಲ್ಲಿ ತಂತಿ ಮೀಟಿದ ಚೂರು ಹೊತ್ತಿನ ಮೇಲೆ ದನಿ ಬರುತ್ತಿದ್ದುದರಿಂದ ಅವಳ ಬೆರಳೇ ತಡವರಿಸಿತು. ನನ್ನಲ್ಲಿದ್ದ ವೈರಿನ ಹೆಡ್‌ಫೋನ್ ಕೊಟ್ಟೆ, ಕಿವಿ ಪೂರ್ತಿ ಮುಚ್ಚುವಂಥದ್ದು. ತಾಳ ಸರಿಹೋಯಿತು. ಆದರೆ ಅದರೊಳಗೆ ಗುಂಯ್ ಎಂಬ ಸದ್ದು, ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ.

"ಮುಗೀತು ಬಿಡಿ ಆಂಟಿ," ಎಂದು ಚೈತ್ರ ಗಿಟಾರ್ ಕೆಳಗಿಟ್ಟಳು. ನನಗೆ ಮಾತ್ರ ಹಳೆಯ ನೆಂಟರು ಸಿಕ್ಕಷ್ಟು ಸಂತೋಷವಾಯಿತು. ಸಾಫ್ಟ್‌ವೇರ್ ನನಗೆ ಗೊತ್ತಿಲ್ಲ, ಈ ಗುಂಯ್ ಮಾತ್ರ ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ, ಅರ್ಧ ಇಳಿಯಿತು. ಮಿಕ್ಸರಿನ ತಗಡಿಗೆ ಬೆರಳ ಹಿಂಬದಿ ತಾಗಿಸಿದೆ, ಜುಮ್ ಎಂದಿತು. ಅರ್ತಿಂಗ್ ಇಲ್ಲ ಎನ್ನುವುದಕ್ಕೆ ಅದೇ ಗುರುತು.

"ನಾನು ಹೇಳೋ ತನಕ ತಂತಿ ಮುಟ್ಟಬ್ಯಾಡ ಕಣವ್ವ. ಇದು ಬರೀ ಸದ್ದಿನ ಮಾತಲ್ಲ, ಶಾಕ್ ಹೊಡೆಯೋ ಮಾತು," ಎಂದೆ. ಅಷ್ಟು ಗಟ್ಟಿಯಾಗಿ ನಾನು ಯಾರಿಗೂ ಹೇಳಿದ್ದಿಲ್ಲ, ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಮೀಟರ್ ಬೋರ್ಡಿನ ಕೆಳಗೆ, ಗೋಡೆಯ ಹೊರಗಡೆ ಅರ್ತಿಂಗ್ ಗುಂಡಿ ಇರುತ್ತದೆ. ಮನೆಯಲ್ಲಿ ದಾರಿ ತಪ್ಪಿದ ವಿದ್ಯುತ್ತು ಆ ಗುಂಡಿಯ ಪೈಪಿನ ಮೂಲಕ ನೆಲಕ್ಕೆ ಇಳಿಯಬೇಕು. ಹೋಗಿ ನೋಡಿದರೆ ಬೇಸಿಗೆಗೆ ಒಣಗಿ ಮಣ್ಣು ಬಾಯಿಬಿಟ್ಟಿತ್ತು. ಒಣಮಣ್ಣಿಗೆ ವಿದ್ಯುತ್ತು ಇಳಿಯುವುದಿಲ್ಲ, ಉಪ್ಪುನೀರು ಕುಡಿದ ಮಣ್ಣಿಗೆ ಸಲೀಸಾಗಿ ಇಳಿಯುತ್ತದೆ. ಟೆಸ್ಟ್ ಲ್ಯಾಂಪ್ ಎಂದು ನಮ್ಮಲ್ಲಿ ಒಂದು ಬಲ್ಬು, ಅದಕ್ಕೆರಡು ವೈರು ಇರುತ್ತದೆ. ಅದನ್ನು ಸಾಕೆಟ್ಟಿನ ಫೇಸಿಗೂ ಅರ್ತಿಗೂ ಕೊಟ್ಟರೆ ಬಲ್ಬು ಪೂರ್ತಿ ಉರಿಯಬೇಕು, ಇಲ್ಲಿ ಬೀಡಿಯ ತುದಿಯ ಹಾಗೆ ಕೆಂಪಗೆ ಮಿಣುಕಿತು.

"ರುದ್ರಮ್ಮನೋರೆ, ಕಲ್ಲುಪ್ಪು ಐತಾ? ಒಂದೆರಡು ಬಿಂದಿಗೆ ನೀರು?"

"ಹುಣಸೆಹಣ್ಣೂ ತರ್ಲಾ? ಸಾರು ಮಾಡ್ತೀಯೇನೋ!" ಎಂದು ರೇಗಿಸುತ್ತಲೇ ಅವರು ಉಪ್ಪು ತಂದು ಸುರಿದು, ಬಿಂದಿಗೆ ಬಿಂದಿಗೆ ನೀರು ಹೊಯ್ದರು. ಮಣ್ಣು ಕುಡಿಯಿತು, ಮತ್ತೆ ಹೊಯ್ದರು. ಊಟ ಮುಗಿಸಿ ಬಂದು ಟೆಸ್ಟ್ ಲ್ಯಾಂಪ್ ಕೊಟ್ಟರೆ ಬಲ್ಬು ಕಣ್ಣಿಗೆ ಚುಚ್ಚುವ ಹಾಗೆ ಉರಿಯಿತು. ಮಿಕ್ಸರ್ ಮುಟ್ಟಿದೆ, ಏನೂ ಇಲ್ಲ. ಇನ್ನು ನುಡಿಸು ಎಂದೆ.

ಉಳಿದಿದ್ದ ಸ್ವಲ್ಪ ಗುಂಯ್ ಗಿಟಾರ್ ತಿರುಗಿದ ಕಡೆಗೆ ಹೆಚ್ಚು ಕಡಿಮೆ ಆಗುತ್ತಿತ್ತು. ಪಿಕಪ್ಪಿನ ಸುರುಳಿ ಗಾಳಿಯಲ್ಲಿರುವ ಕರೆಂಟಿನ ಗದ್ದಲವನ್ನೂ ಹಿಡಿಯುತ್ತದೆ. ಚೈತ್ರ ಕೂತಲ್ಲೇ ತಿರುಗುತ್ತ ಹೋದಳು, ನಾನು ಹೆಡ್‌ಫೋನಿನಲ್ಲಿ ಕೇಳುತ್ತ "ಇನ್ನಷ್ಟು, ಇನ್ನಷ್ಟು" ಎಂದೆ. ಕೊನೆಗೆ ಅವಳು ಗೋಡೆಗೆ ಮುಖ ಮಾಡಿದಾಗ ಸದ್ದು ನಿಂತಿತು. ಅಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಬಂದು ತೋಟದ ಬೋರ್‌ವೆಲ್ ಮೋಟಾರ್ ಶುರುವಾಯಿತು, ಮತ್ತೆ ಗುಂಯ್. ಬೇಸಿಗೆಯಲ್ಲಿ ತ್ರೀ ಫೇಸ್ ಇರುವುದೇ ಸ್ವಲ್ಪ ಹೊತ್ತು, ಗಿಡಗಳು ಅದಕ್ಕೇ ಕಾಯುತ್ತವೆ. ಮೋಟಾರ್ ನಿಲ್ಲಿಸಿ ಎಂದು ಹೇಗೆ ಕೇಳುವುದು? ರುದ್ರಮ್ಮನೇ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು.

"ಎಲ್ಲಿಗೆ ಅತ್ತೆ?"

"ಮೋಟ್ರು ಆಫ್ ಮಾಡ್ತೀನಿ. ತೆಂಗು ಒಂದಿನ ಕಾಯ್ತದೆ ಬುಡು, ನಿನ್ ನಾಟ್ಕ ಕಾಯಲ್ವಲ್ಲ."

ವಾಪಸ್ ಬಂದವರು ಪಕ್ಕದಲ್ಲಿ ಕೂತರು. ಚೈತ್ರ ನುಡಿಸತೊಡಗಿದಳು. ಹೊರಗೆ ಕೇಳುತ್ತಿದ್ದುದು ತಂತಿಗೆ ಪ್ಲಾಸ್ಟಿಕ್ ಚೂರು ತಾಗುವ ಟಿಕ್ ಟಿಕ್ ಮಾತ್ರ. ರುದ್ರಮ್ಮ ಸ್ವಲ್ಪ ಹೊತ್ತು ನೋಡಿ, "ಇದೇನೇ ಗಿರಿಜಮ್ಮ, ಗಡಿಯಾರದಂಗೆ ಟಿಕ್ ಟಿಕ್ ಅಂತೈತೆ! ಈ ಟಿಕ್ಕಿಗೇನಾ ನಾನು ಉಪ್ಪು ಸುರಿದಿದ್ದು?" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಹೆಡ್‌ಫೋನ್ ತೂತಿಗೆ ಮೊದಲೇ ಹಾಕಿದ್ದ ಎರಡು ಕವಲಿನ ಪಿನ್ನಿಗೆ ನಾನು ತಂದಿದ್ದ ಇನ್ನೊಂದು ಹೆಡ್‌ಫೋನನ್ನು ಸೇರಿಸಿ ಅವರ ತಲೆಗೆ ಏರಿಸಿದೆ. ಚೈತ್ರ ಗೋಡೆ ಕಡೆ ತಿರುಗಿದ್ದರಿಂದ ಅವಳಿಗೆ ಇದು ಗೊತ್ತಾಗಲಿಲ್ಲ. ಎಷ್ಟೋ ಸಲ ನಿಲ್ಲಿಸಿ, ಅಳಿಸಿ, ಮತ್ತೆ ಶುರು ಮಾಡಿದ್ದಳು. ಈ ಸಲ ಎಲ್ಲೂ ತಡವರಿಸದೆ, ಮೊದಲಿನಿಂದ ಒಂದೇ ಉಸಿರಿನಲ್ಲಿ ಸಾಗುತ್ತಿದ್ದಳು. ಕೊನೆಯ ತಿರುವು ಬಂತು. ರುದ್ರಮ್ಮನ ಕಣ್ಣು ಅಗಲವಾಯಿತು.

"ಅಯ್ಯಯ್ಯಪ್ಪಾ! ಏನ್ ಚೆನ್ನಾಗೈತೆ ಕಣೇ ಚೈತ್ರಾ!"

ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಅಳತೆ ಸಿಗುವುದಿಲ್ಲ. ಅವರು ಕೂಗಿದ್ದು ರಸ್ತೆಗೂ ಕೇಳಿರಬೇಕು. ಒಳಕೋಣೆಯಿಂದ ಯಜಮಾನರು "ಏನಾಯ್ತೇ ರುದ್ರೀ?" ಎಂದು ಗಾಬರಿಯಾಗಿ ಕೂಗಿದರು. ಚೈತ್ರಳ ಭುಜ ಒಮ್ಮೆ ಅದುರಿತು, ಬೆರಳು ಮಾತ್ರ ನಿಲ್ಲಲಿಲ್ಲ. ಕೊನೆಯ ಸ್ವರದವರೆಗೂ ನುಡಿಸಿ ಮುಗಿಸಿ, ಆಮೇಲೆ ತಿರುಗಿ ನೋಡಿದಳು. ಮುಖ ಬಿಳುಚಿಕೊಂಡಿತ್ತು.

"ಹಾಳಾಯ್ತು ಅಲ್ವಾ? ಅತ್ತೆ ಕೂಗಿದ್ದೂ ಸೇರಿಕೊಂಡಿರುತ್ತೆ. ಮತ್ತೆ ಹೀಗೆ ಬರಲ್ಲ ಆಂಟಿ."

ರುದ್ರಮ್ಮ ಹೆಡ್‌ಫೋನನ್ನು ಕಳ್ಳ ಮಾಲಿನ ಹಾಗೆ ತೆಗೆದು ಮಡಿಲಲ್ಲಿ ಮುಚ್ಚಿಟ್ಟುಕೊಂಡರು. ಚೈತ್ರ ರೆಕಾರ್ಡ್ ಆದದ್ದನ್ನು ಹಾಕಿದಳು. ರುದ್ರಮ್ಮನ ಮಡಿಲಿನ ಹೆಡ್‌ಫೋನ್ ತೆಗೆದು ಹಾಕಿಕೊಂಡು ನಾನೂ ಕೇಳಿದೆ. ಆ ತಿರುವು ಬಂತು, ದಾಟಿತು. ಅತ್ತೆಯ ಕೂಗಿಲ್ಲ, ಮಾವನ ಗಾಬರಿಯಿಲ್ಲ, ಹಿತ್ತಿಲ ಕಾಗೆಯೂ ಇಲ್ಲ. ತಿಳಿನೀರಿನಂಥ ಗಿಟಾರ್ ಒಂದೇ. ಯಾಕೆಂದರೆ ಮೈಕೇ ಇರಲಿಲ್ಲವಲ್ಲ! ಮೈಕ್ ಗಾಳಿಯಲ್ಲಿರುವುದನ್ನೆಲ್ಲ ಹಿಡಿಯುತ್ತದೆ. ಇಲ್ಲಿ ತಂತಿಯಿಂದ ಪಿಕಪ್ಪಿಗೆ, ಪಿಕಪ್ಪಿನಿಂದ ವೈರಿಗೆ. ಮಧ್ಯೆ ಮನುಷ್ಯರ ದನಿ ನುಗ್ಗುವುದಕ್ಕೆ ದಾರಿಯೇ ಇಲ್ಲ.

"ಬಂದಿಲ್ಲ ಅತ್ತೆ! ನಿಮ್ಮ ಕೂಗು ಬಂದೇ ಇಲ್ಲ!" ಎಂದು ಚೈತ್ರ ಅವರ ಕುತ್ತಿಗೆಗೆ ಜೋತುಬಿದ್ದಳು.

"ಬಂದಿದ್ರೂ ಏನಂತೆ? ನಾನೇನ್ ಕೆಟ್ದಾಗಿ ಕೂಗಿದ್ನಾ?" ಎಂದರು ರುದ್ರಮ್ಮ.

ಒಂದು ದಿನ ಮುಂಚೆಯೇ ಅದು ಬೆಂಗಳೂರಿಗೆ ಹೋಯಿತು. ಅರ್ಧ ಗಂಟೆಯೊಳಗೆ ಗೆಳತಿಯರ ಫೋನ್ ಬಂತು. ಎಲ್ಲರೂ ಒಟ್ಟಿಗೆ ಕಿರುಚುತ್ತಿದ್ದರು, ಚೈತ್ರ ನಗುತ್ತ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದಳು. ನಾಟಕದಲ್ಲಿ ಅವಳ ರಾಗವನ್ನು ಅವಳೇ ನುಡಿಸಿದ್ದು ಬಂತು. ಆ ಮಿಕ್ಸರ್ ಅವರ ಮನೆಯಲ್ಲೇ ಬಹಳ ದಿನ ಇತ್ತು. ಆಮೇಲೆ ಅವಳು ಸ್ವಂತಕ್ಕೆ ಒಂದು ಇಂಟರ್‌ಫೇಸ್ ಕೊಂಡು, ಮಿಕ್ಸರನ್ನು ಒರೆಸಿ ವಾಪಸ್ ತಂದುಕೊಟ್ಟಳು.

ಹಾಗಾಗಿ ನೀವು ಕೊಳ್ಳುವಾಗ ಗಿಟಾರ್ ಹಾಕುವ ತೂತಿರುವ ಚಿಕ್ಕ ಇಂಟರ್‌ಫೇಸ್ ಒಂದು, ಕಿವಿ ಮುಚ್ಚುವ ವೈರಿನ ಹೆಡ್‌ಫೋನ್ ಒಂದು, ಗಟ್ಟಿಯಾದ ಗಿಡ್ಡ ವೈರು ಒಂದು ಸಾಕು. ಆಂಪ್ಲಿಫೈಯರು, ಮೈಕು ಆಮೇಲೆ ನೋಡಿಕೊಳ್ಳಬಹುದು. ಗೋಡೆಯ ಸಾಕೆಟ್ಟಿನಲ್ಲಿ ಅರ್ತಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ, ಅದಾಗುವ ತನಕ ತಂತಿ ಮುಟ್ಟಬೇಡಿ.

ನನ್ನ ಕಸುಬು ಕಲಿಸಿದ್ದನ್ನೂ ಹೇಳಿ ಮುಗಿಸುತ್ತೇನೆ. ಯಾವ ಯಂತ್ರ ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸದ್ದು ಯಾರಿಗೆ ಕೇಳಬೇಕು, ಯಾರಿಗೆ ಕೇಳಬಾರದು ಎಂದು ಕೇಳಿಕೊಂಡರೆ ಯಂತ್ರ ತಾನಾಗಿ ಸಿಗುತ್ತದೆ. ಈಗ ಯಾರಾದರೂ ಅಂಗಡಿಗೆ ಬಂದು ಸಾಮಾನು ಕೇಳಿದರೆ ನಾನು ಬೀರುವಿನ ಹತ್ತಿರ ಹೋಗುವುದೇ ಇಲ್ಲ. ಸ್ಟೂಲ್ ಹಾಕಿ ಕೂರಿಸಿ, ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಮೊದಲು ವಿಚಾರಿಸುತ್ತೇನೆ.